ಇಬ್ಬರ ನಡುವಿನ ಷರಾ

ಆ ಹಾಸಿಗೆ ಕಾರ್ಖಾನೆಯಲ್ಲಿ ಸ್ಪ್ರಿಂಗುಗಳಿಗಿಂತ ಹೆಚ್ಚು ಭಾರ ಹೊತ್ತಿದ್ದವು ಅಕ್ಕನ ಸುಳ್ಳುಗಳು.

ಕಚೇರಿ ಎಂದರೆ ಒಂದು ಉದ್ದನೆಯ ಪಡಸಾಲೆ. ಬಲಗಡೆ ಅಣ್ಣನ ಕೋಣೆ, ಮಾರಾಟವೆಲ್ಲ ಅಲ್ಲಿ. ಎಡಗಡೆ ತಮ್ಮನ ಕೋಣೆ, ತಯಾರಿಕೆಯೆಲ್ಲ ಅಲ್ಲಿ. ನಡುವೆ, ಹೋಗಿಬರುವವರ ಮೊಣಕಾಲಿಗೆ ತಾಗುವಂತೆ, ಅಕ್ಕನ ಮೇಜು. ಅವಳು ಹುಟ್ಟಿದ್ದೂ ಹೀಗೇ ನಡುವೆ. ಅಣ್ಣನಿಗೆ ತಂಗಿ, ತಮ್ಮನಿಗೆ ಅಕ್ಕ, ಕಾರ್ಖಾನೆಯ ಉಳಿದವರಿಗೆಲ್ಲ ಅಕ್ಕನೇ. ಅಪ್ಪ ಸಾಯುವ ಮುಂಚೆ ಕಾರ್ಖಾನೆಯನ್ನು ಗಂಡುಮಕ್ಕಳಿಬ್ಬರ ಹೆಸರಿಗೆ ಬರೆದು, ಮಗಳನ್ನು ಹತ್ತಿರ ಕರೆದು, "ಇವರಿಬ್ಬರನ್ನ ನೀನು ನೋಡ್ಕೋ" ಎಂದಿದ್ದ. ಆಸ್ತಿ ಅವರ ಪಾಲಿಗೆ ಬಂತು, ಅವರು ಇವಳ ಪಾಲಿಗೆ ಬಂದರು.

ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ ಕೇಳಿದರೆ ನಗು ಬರುತ್ತದೆ. ಯಾವುದೋ ವಸ್ತುಪ್ರದರ್ಶನದಲ್ಲಿ, ಜನ ತುಂಬಿದ ಮಳಿಗೆಯಲ್ಲಿ, ಅಣ್ಣ ಹೊಸ ಹಾಸಿಗೆಯ ಮೇಲೆ ಕೂತು, "ಇದರ ಮೇಲೆ ಮಲಗಿದವನನ್ನ ಬೆಳಿಗ್ಗೆ ಎಬ್ಬಿಸೋಕೆ ಕ್ರೇನ್ ತರಿಸಬೇಕು" ಅಂದ. ಗಿರಾಕಿಗಳು ನಕ್ಕರು. ಹಾಸಿಗೆ ಕುಸಿಯುತ್ತದೆಂದು ಚುಚ್ಚಿದ ಎಂದುಕೊಂಡು, ಅದನ್ನು ಮಾಡಿಸಿದ ತಮ್ಮ ನಗಲಿಲ್ಲ. "ಮಾರೋಕೆ ಬರದೇ ಇದ್ದವರು ಹೀಗೇ ಜೋಕ್ ಹೇಳ್ಕೊಂಡು ಹೊಟ್ಟೆ ಹೊರೀತಾರೆ" ಅಂದ. ಗಿರಾಕಿಗಳು ಅದಕ್ಕೂ ನಕ್ಕರು. ಅಷ್ಟೇ. ಮನೆಯಲ್ಲಿ ಅವರ ಹೆಂಡಂದಿರು ಹರಟೆ ಹೊಡೆಯುತ್ತಿದ್ದರು, ಮಕ್ಕಳು ಒಟ್ಟಿಗೆ ಆಡುತ್ತಿದ್ದವು. ಈ ಇಬ್ಬರು ಗಂಡಸರು ಮಾತ್ರ ಹಾವು ಮುಂಗುಸಿ.

ಆದರೆ ಹಾಸಿಗೆ ಮಾರಲೇಬೇಕಲ್ಲ. ಮಾರಬೇಕಾದರೆ ಮಾಡುವವನಿಗೆ ಹೇಳಲೇಬೇಕಲ್ಲ. ಅಣ್ಣ ಕೋಣೆಯಿಂದಲೇ ಕೂಗುತ್ತಿದ್ದ:

"ಆ ಕತ್ತೆಗೆ ಹೇಳು, ಹೋಟೆಲ್ಲಿನವರಿಗೆ ಗುರುವಾರದೊಳಗೆ ಮಾಲು ಹೋಗಬೇಕು. ಹೋದ ಸಲದ ಹಾಗೆ ಸೊಟ್ಟ ಹೊಲಿಗೆ ಹಾಕಿದ್ರೆ ಅವನನ್ನೇ ಅದರಲ್ಲಿ ಸುತ್ತಿ ಕಳಿಸ್ತೀನಿ!"

ಅಕ್ಕ ಎದ್ದು ತಮ್ಮನ ಕೋಣೆಗೆ ಹೋಗುತ್ತಿದ್ದಳು. "ಗುರುವಾರಕ್ಕೆ ಆಗುತ್ತಾ ಅಂತ ಅಣ್ಣ ಕೇಳಿದ ಕಣೋ. ಕಷ್ಟ ಅಂತ ಅವನಿಗೂ ಗೊತ್ತು. ಹೊಲಿಗೆ ಹತ್ತಿರ ನೀನೇ ನಿಂತ್ರೆ ಧೈರ್ಯ ಅಂದ."

"ಅವನಾ? ಹಾಗಂದನಾ?"

"ಮತ್ತೆ ನಾನೇನು ಸುಳ್ಳು ಹೇಳ್ತೀನಾ?"

ತಮ್ಮ ಮೂಗು ಮುರಿದು, "ಶುಕ್ರವಾರ ಕೊಡ್ತೀನಿ. ಅರ್ಜೆಂಟಿದ್ರೆ ತಾನೇ ಬಂದು ಹೊಲ್ಕೊಳ್ಳಲಿ ಅನ್ನು" ಎನ್ನುತ್ತಿದ್ದ. ಆ ಮಾತು ಪಡಸಾಲೆ ದಾಟುವಷ್ಟರಲ್ಲಿ, "ಪಾಪ, ಎಷ್ಟು ಒದ್ದಾಡ್ತಿದಾನೆ ಗೊತ್ತಾ ಅಣ್ಣ. ಇನ್ನೊಂದೇ ಒಂದು ದಿನ ಸಿಕ್ಕಿದ್ರೆ ಹೊಲಿಗೆ ಚೆನ್ನಾಗಿ ಕೂರುತ್ತೆ ಅಂದ" ಎಂದಾಗಿರುತ್ತಿತ್ತು. ಅಣ್ಣ ಗೊಣಗುತ್ತ ಹೋಟೆಲ್ಲಿಗೆ ಫೋನು ಮಾಡುತ್ತಿದ್ದ. ಮಾಲು ಹೋಗುತ್ತಿತ್ತು. ಇದಕ್ಕೆ ಅವಳಿಗೆ ಸಿಗುತ್ತಿದ್ದ ಸಂಬಳವನ್ನು ಇಬ್ಬರೂ ಕೈಖರ್ಚು ಎಂದು ಕರೆಯುತ್ತಿದ್ದರು.

ಅವಳಿಗಿದ್ದದ್ದು ಒಂದೇ ಹೆದರಿಕೆ, ಕಾರ್ಖಾನೆ ಪಾಲಾಗುವುದು. ಪಾಲಾದರೆ ಬಲಗಡೆ ಒಬ್ಬನದು, ಎಡಗಡೆ ಇನ್ನೊಬ್ಬನದು, ಪಡಸಾಲೆ ಯಾರದೂ ಅಲ್ಲ. ಅಪ್ಪನಿಗೆ ಕೊಟ್ಟ ಮಾತು ಒಂದು ಕಡೆ ಇರಲಿ, ಅವಳಿಗೆ ಕೂರಲು ಜಾಗವೇ ಇರುವುದಿಲ್ಲ.

ಇಂಥ ಕಾರ್ಖಾನೆಗೆ ಇಆರ್‌ಪಿ ಬಂತು. ಮಾರಾಟ, ತಯಾರಿಕೆ, ಖರೀದಿ, ಗೋದಾಮು, ಲೆಕ್ಕಪತ್ರ ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸುವ ಕಂಪ್ಯೂಟರ್ ವ್ಯವಸ್ಥೆ. ತಮ್ಮನ ಕಳ್ಳಾಟ ಬಯಲಾಗಲಿ ಎಂದು ಅಣ್ಣ ಅದಕ್ಕೆ ಹೂಂ ಅಂದ. ಅಣ್ಣನ ಬುರುಡೆ ಬಯಲಾಗಲಿ ಎಂದು ತಮ್ಮ ಹೂಂ ಅಂದ. ಅಕ್ಕ ಒಂದು ಸುಳ್ಳನ್ನೂ ಸೇರಿಸದೆ ಇಬ್ಬರ ಒಪ್ಪಿಗೆಯನ್ನೂ ಸಾಗಿಸಿದ್ದು ಅದೊಂದೇ ಸಲ.

ತರಬೇತಿ ಗೋದಾಮಿನಲ್ಲಿ ನಡೆಯಿತು. ಕುರ್ಚಿ ಸಾಲದೆ ಎಲ್ಲರನ್ನೂ ಹಾಸಿಗೆಗಳ ಮೇಲೆ ಕೂರಿಸಿದರು. ಊಟದ ನಂತರದ ಪಾಠಕ್ಕೆ ಅದಕ್ಕಿಂತ ಕೆಟ್ಟ ಏರ್ಪಾಡು ಇನ್ನೊಂದಿಲ್ಲ. ಗೋದಾಮಿನವನು ಗೊರಕೆ ಹೊಡೆದ. ಲೆಕ್ಕಪತ್ರದವಳು ಕಣ್ಣು ತೆರೆದೇ ನಿದ್ದೆ ಮಾಡಿದಳು. ಕಂಪ್ಯೂಟರ್ ಕಂಪನಿಯ ತರಬೇತುದಾರ ಮಾತ್ರ ಹುಮ್ಮಸ್ಸಿನಿಂದ ಗೋಡೆ ತುಂಬ ಚೌಕ ಬರೆದು, ಚೌಕದಿಂದ ಚೌಕಕ್ಕೆ ಬಾಣ ಎಳೆಯುತ್ತಿದ್ದ. ಸಂಜೆಯೊಳಗೆ ಅವನಿಗೆ ಬಾಣದ ಮೇಷ್ಟ್ರು ಎಂದು ಹೆಸರು ಬಿತ್ತು.

"ಗಿರಾಕಿ ಆರ್ಡರ್ ಕೊಟ್ಟ ತಕ್ಷಣ ಗೋದಾಮಲ್ಲಿ ಮಾಲಿದೆಯಾ ಅಂತ ಇದೇ ನೋಡುತ್ತೆ. ಇಲ್ಲ ಅಂದ್ರೆ ತಯಾರಿಕೆಗೆ ಹೇಳುತ್ತೆ. ಫೋಮ್ ಸಾಲಲ್ಲ ಅಂದ್ರೆ ಖರೀದಿಗೆ ಹೇಳುತ್ತೆ. ಮಾಲು ಗೇಟು ದಾಟಿದ್ರೆ ಬಿಲ್ಲೂ ತಾನೇ ಆಗುತ್ತೆ. ಯಾರೂ ಯಾರನ್ನೂ ಕೇಳೋ ಹಾಗಿಲ್ಲ. ಎಲ್ಲರಿಗೂ ಒಂದೇ ಸತ್ಯ!"

ಅಕ್ಕ ಗಾಬರಿಯಾದಳು. ಈ ಕಾರ್ಖಾನೆ ಇಷ್ಟು ವರ್ಷ ಬಾಳಿದ್ದೇ ಒಂದೊಂದು ಕೋಣೆಗೆ ಒಂದೊಂದು ಸತ್ಯ ಇದ್ದದ್ದರಿಂದ.

"ಸರಿ, ಈಗ ಮಾರಾಟದಿಂದ ತಯಾರಿಕೆಗೆ ವಿಷಯ ಹೇಗೆ ಹೋಗುತ್ತೆ?" ಎಂದು ಮೇಷ್ಟ್ರು ಕೇಳಿದ. ಎಚ್ಚರವಿದ್ದವರೆಲ್ಲ ಅಕ್ಕನ ಕಡೆ ತಿರುಗಿದರು. ಮೇಷ್ಟ್ರು ಎರಡು ಚೌಕಗಳ ನಡುವೆ ಒಂದು ಪುಟ್ಟ ಚೌಕ ಬರೆದು, ಅವಳನ್ನು ನೋಡಿ ವಿನಯದಿಂದ ನಕ್ಕು, ಅದರ ಮೇಲೆ ಅಡ್ಡಗೆರೆ ಎಳೆದ. "ಈ ಹಂತ ಇನ್ನು ಬೇಡ."

ಅವತ್ತಿನಿಂದ ಇಡೀ ಗೋದಾಮಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಾಠ ಕೇಳಿದವಳು ಅಕ್ಕ ಒಬ್ಬಳೇ. ತನ್ನನ್ನು ಹೊಡೆದುಹಾಕಿದ್ದು ಏನೆಂದು ತಿಳಿಯದೆ ಬಿಡುವ ಹೆಂಗಸಲ್ಲ ಅವಳು. ಯಾವ ಆರ್ಡರು ಯಾವ ದಾರಿಯಲ್ಲಿ ಹೋಗುತ್ತದೆ, ಯಾರ ಒಪ್ಪಿಗೆಗೆ ಎಲ್ಲಿ ನಿಲ್ಲುತ್ತದೆ, ನಿಲ್ಲಿಸುವ ಅಧಿಕಾರ ಯಾರು ಕೊಡುತ್ತಾರೆ, ಎಲ್ಲ ಕಲಿತಳು. ಪ್ರತಿ ಆರ್ಡರಿನ ಕೊನೆಯಲ್ಲಿ ಷರಾ ಎಂದೊಂದು ಖಾಲಿ ಅಂಕಣ ಇರುವುದನ್ನೂ ನೋಡಿದಳು. ಅದರಲ್ಲಿ ಯಾರು ಏನು ಬೇಕಾದರೂ ಬರೆಯಬಹುದಿತ್ತು.

ವ್ಯವಸ್ಥೆ ಶುರುವಾದ ಮೊದಲ ಬೆಳಿಗ್ಗೆ ಅಣ್ಣ ಹೋಟೆಲ್ಲಿನ ಆರ್ಡರು ಹಾಕಿ, ಷರಾದಲ್ಲಿ ಹೀಗೆ ಬರೆದ: ಈ ಸಲವಾದರೂ ಹಾಸಿಗೆ ಹಾಸಿಗೆಯ ಹಾಗಿರಲಿ, ಗೋಣಿಚೀಲದ ಹಾಗಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ತಮ್ಮನ ಪರದೆಯ ಮೇಲಿತ್ತು. ಉಪ್ಪು ಕಡಿಮೆ ಮಾಡುವವರಿಲ್ಲ, ಖಾರ ತೆಗೆಯುವವರಿಲ್ಲ. ತಮ್ಮ ಹಲ್ಲು ಕಡಿದು ಅದರ ಕೆಳಗೆ ಬರೆದ: ನಿನ್ನ ಗಿರಾಕಿಗಳಿಗೆ ಗೋಣಿಚೀಲವೇ ಹೆಚ್ಚು.

ವ್ಯವಸ್ಥೆ ಬಹಳ ನಿಯತ್ತಿನದು. ಒಮ್ಮೆ ಬರೆದದ್ದನ್ನು ಎಲ್ಲಿಯೂ ಬಿಡುವುದಿಲ್ಲ. ಆ ಎರಡೂ ಷರಾಗಳು ತಯಾರಿಕೆಗೆ ಹೋದವು, ಗೋದಾಮಿಗೆ ಹೋದವು, ಕೊನೆಗೆ ಸರಕಿನ ಜೊತೆ ಕಳಿಸುವ ಚೀಟಿಯ ಬುಡದಲ್ಲಿ ಅಚ್ಚುಕಟ್ಟಾಗಿ ಅಚ್ಚಾಗಿ ಹೋಟೆಲ್ಲಿನ ಮ್ಯಾನೇಜರನ ಕೈ ಸೇರಿದವು. ಆತ ಫೋನು ಮಾಡಿ ಮೃದುವಾಗಿ, "ಗೋಣಿಚೀಲ ವಾಪಸ್ ತಗೊಂಡು ಹೋಗಿ" ಅಂದ. ಅಣ್ಣ ಕೋಣೆಯಿಂದ, "ಸಾಕು, ಪಾಲು ಮಾಡ್ಕೊಳ್ಳೋಣ ಅಂತ ಹೇಳವನಿಗೆ" ಎಂದು ಕಿರುಚಿದ. ಇತ್ತ ತಮ್ಮ ಆಗಲೇ ವಕೀಲನಿಗೆ ಫೋನು ಹಚ್ಚಿದ್ದ.

ಅಕ್ಕ ನೇರವಾಗಿ ಮೇಷ್ಟ್ರ ಹತ್ತಿರ ಹೋದಳು. "ಮಾರಾಟಕ್ಕೂ ತಯಾರಿಕೆಗೂ ನಡುವೆ ಒಂದು ಪರಿಶೀಲನೆ ಹಂತ ಹಾಕಿ ಸಾರ್. ಅಲ್ಲಿಂದ ಇಲ್ಲಿಗೆ ಹೋಗೋದು, ಇಲ್ಲಿಂದ ಅಲ್ಲಿಗೆ ಬರೋದು, ಎರಡೂ ನನ್ನ ಹತ್ತಿರ ನಿಲ್ಲಬೇಕು. ಷರಾ ತಿದ್ದೋ ಅಧಿಕಾರವೂ ಬೇಕು. ಮಾಹಿತಿಯ ಗುಣಮಟ್ಟಕ್ಕೆ."

ಕೊನೆಯ ಮಾತು ಕೇಳಿ ಮೇಷ್ಟ್ರ ಕಣ್ಣು ಅರಳಿತು. ಇಡೀ ತರಬೇತಿಯಲ್ಲಿ ಅವನದೇ ಭಾಷೆಯಲ್ಲಿ ಅವನೊಂದಿಗೆ ಮಾತಾಡಿದವರು ಅವಳೊಬ್ಬಳೇ. ಅಡ್ಡಗೆರೆ ಎಳೆದ ಪುಟ್ಟ ಚೌಕವನ್ನು ತಾನೇ ಬಣ್ಣ ಹಾಕಿ ಮತ್ತೆ ಬರೆದ. ಇನ್ನು ಮೇಲೆ ಅವನು ಬಾಯಿಗೆ ಬಂದದ್ದನ್ನೆಲ್ಲ ಬರೆಯದಂತೆ ನಾನು ನೋಡಿಕೊಳ್ಳುತ್ತೇನೆ ಎಂದು ಅಕ್ಕ ಅಣ್ಣನಿಗೂ ಹೇಳಿದಳು, ತಮ್ಮನಿಗೂ ಹೇಳಿದಳು. "ಅವನು" ಎಂದರೆ ಇನ್ನೊಬ್ಬನೇ ಎಂದು ಇಬ್ಬರಿಗೂ ಖಾತ್ರಿಯಿತ್ತು. ಪಾಲಿನ ಮಾತು ಸದ್ಯಕ್ಕೆ ನಿಂತಿತು.

ಅಲ್ಲಿಂದ ಅಕ್ಕನ ಸುವರ್ಣಕಾಲ. ಮೊದಲಾದರೆ ಬಾಯಿಂದ ಬಾಯಿಗೆ ಸುಳ್ಳು, ನೆನಪಿಟ್ಟುಕೊಳ್ಳುವ ಕಷ್ಟ. ಈಗ ಕೂತಲ್ಲೇ ಕೆಲಸ. ಬರೆದವನಿಗೆ ಷರಾ ಹೋಯಿತೆಂಬ ಹಸಿರು ಗುರುತು ಮಾತ್ರ ಕಾಣುತ್ತಿತ್ತು. ಓದುವವನಿಗೆ ಅಕ್ಕ ಬರೆದದ್ದು ಕಾಣುತ್ತಿತ್ತು. "ಮೂರ್ಖ, ಅಳತೆ ಪಟ್ಟಿ ಇಟ್ಟು ನೋಡು" ಎಂಬುದು "ಅಳತೆಯ ವಿಷಯದಲ್ಲಿ ನಿನ್ನ ಕಣ್ಣೇ ಸರಿ, ಒಮ್ಮೆ ನೋಡಿಬಿಡು" ಎಂದಾಯಿತು. "ಬುರುಡೆ ಬಿಟ್ಟು ಆರ್ಡರು ತಂದರೆ ಇಷ್ಟೇ" ಎಂಬುದು "ಇಂಥ ಆರ್ಡರು ನೀನಲ್ಲದೆ ಇನ್ಯಾರು ತರುತ್ತಿದ್ದರು" ಎಂದಾಯಿತು. ಕೆಲವು ದಿನ ಅವರು ಏನೂ ಬರೆಯದಿದ್ದರೂ ಇವಳೇ ಒಂದು ಸಾಲು ಸೇರಿಸಿ ಕಳಿಸುತ್ತಿದ್ದಳು. ಮಾಲು ಹೊತ್ತಿಗೆ ಸರಿಯಾಗಿ ಹೋಗತೊಡಗಿತು. ಹೋಟೆಲ್ಲಿನವನು ವಾಪಸು ಬಂದ. ಬಾಣದ ಮೇಷ್ಟ್ರು ಇದೆಲ್ಲ ತನ್ನ ಬಾಣಗಳ ಮಹಿಮೆಯೆಂದು ತನ್ನ ಕಂಪನಿಗೆ ವರದಿ ಬರೆದು, ಬೆನ್ನು ತಟ್ಟಿಸಿಕೊಂಡ.

ಒಂದು ಮಧ್ಯಾಹ್ನ ಅಣ್ಣ ಕೋಣೆಯಿಂದ ಹೊರಗೆ ಬಂದ. ಅಕ್ಕನ ಮೇಜಿನ ಮುಂದೆ ನಿಲ್ಲಲಿಲ್ಲ. ಮೊಣಕಾಲು ಅದಕ್ಕೆ ತಾಗಿಸಿಕೊಂಡು, "ಅಬ್ಬ" ಎಂದು, ಕುಂಟುತ್ತ ತಮ್ಮನ ಕೋಣೆಗೆ ನುಗ್ಗಿದ. ಬಾಗಿಲು ಮುಚ್ಚಿತು. ಅಕ್ಕ ಅತ್ತ ಕಿವಿಗೊಟ್ಟು ಕೂತಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನಗು ಕೇಳಿತು, ಇಬ್ಬರದೂ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಷ್ಟು ಸಂತೋಷ ಅವಳಿಗೆ ಎಂದೂ ಆಗಿರಲಿಲ್ಲ.

"ಬೈದೂ ಬೈದೂ ದಾರಿಗೆ ತಂದೆ ನೋಡು" ಎಂದ ಅಣ್ಣ, ಹೊರಗೆ ಬಂದು. "ಷರಾದಲ್ಲಿ ಚೆನ್ನಾಗಿ ಉಗಿದ ಮೇಲೇ ಅವನಿಗೆ ಬುದ್ಧಿ ಬಂದಿದ್ದು."

ಸಂಜೆ ತಮ್ಮ ಕಿವಿಯಲ್ಲಿ ಹೇಳಿದ: "ಖಾರವಾಗಿ ಬರೆದೆ ನೋಡಕ್ಕ, ಅಣ್ಣ ಮೆತ್ತಗಾದ. ಮುಂಚೇನೇ ಹೀಗೆ ಬರೀಬೇಕಿತ್ತು."

ಅಕ್ಕ ಎರಡಕ್ಕೂ ಹೂಂಗುಟ್ಟಿದಳು. ಹೊಟ್ಟೆಗೆ ಹಾಕಿಕೊಳ್ಳುವುದು ಅವಳಿಗೇನು ಹೊಸದೇ?

ಮರುದಿನ ಬೆಳಿಗ್ಗೆ ಮೂವರೂ ಒಟ್ಟಿಗೆ ಅವಳ ಮೇಜಿನ ಹತ್ತಿರ ಬಂದರು: ಅಣ್ಣ, ತಮ್ಮ, ಅವರ ಹಿಂದೆ ಲ್ಯಾಪ್‌ಟಾಪ್ ಹಿಡಿದ ಮೇಷ್ಟ್ರು. ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳಿದ್ದವು.

"ಉಳಿದ ಹಂತ ಎಲ್ಲ ಚಕಚಕ ಮುಗಿಯುತ್ತೆ" ಎಂದ ಮೇಷ್ಟ್ರು, ಒಂದು ಎತ್ತರದ ಕೆಂಪು ಕಂಬ ತೋರಿಸಿ. "ಇಲ್ಲಿ ಮಾತ್ರ ಅರ್ಧ ದಿನ ನಿಂತುಬಿಡುತ್ತೆ. ಒಂದು ಆರ್ಡರನ್ನೂ ಈ ಹಂತ ತಿರಸ್ಕರಿಸಿಲ್ಲ. ಅಂದ್ರೆ ಇದರಿಂದ ಉಪಯೋಗ ಇಲ್ಲ ಅಂತ."

"ನಾವಿಬ್ಬರೂ ಕೂತು ಮಾತಾಡಿದ್ವಿ" ಎಂದ ಅಣ್ಣ. ಆ ಮಾತಿನಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ ಅಕ್ಕನಿಗೆ ಒಂದು ಕ್ಷಣ ಖುಷಿಯೇ ಆಯಿತು. "ಈಗ ನಡುವೆ ಯಾರೂ ಬೇಕಾಗಿಲ್ಲ ಕಣೇ. ನೀನು ಆರಾಮಾಗಿ ಮನೇಲಿರು."

"ದುಡಿದಿದ್ದು ಸಾಕಕ್ಕ" ಎಂದ ತಮ್ಮ, ನಿಜವಾದ ಅಕ್ಕರೆಯಿಂದ. "ಈ ಮೇಜು ತೆಗೆದ್ರೆ ಕೈಗಾಡಿ ಸಲೀಸಾಗಿ ಓಡಾಡುತ್ತೆ."

"ಕೈಖರ್ಚು?" ಎಂದಳು ಅಕ್ಕ.

ಇಬ್ಬರೂ ಮುಖ ಮುಖ ನೋಡಿಕೊಂಡರು. "ಅದನ್ನೂ ಕೂತು ಮಾತಾಡ್ತೀವಿ" ಎಂದರು, ಒಟ್ಟಿಗೆ. ಎಷ್ಟೋ ವರ್ಷಗಳ ಮೇಲೆ ಇಬ್ಬರ ಬಾಯಲ್ಲೂ ಒಂದೇ ಮಾತು ಬಂದಿತ್ತು. ಅವಳೇ ಬೆಳೆಸಿದ ಪ್ರೀತಿ, ಅದರ ಮೊದಲ ಫಲ ಅವಳ ತಲೆ ಮೇಲೇ ಬಿತ್ತು. ನೋವಾಯಿತು. ಅದಕ್ಕಿಂತ ಹೆಚ್ಚಾಗಿ ಮೈ ಉರಿಯಿತು.

ಅಣ್ಣ ತಮ್ಮ ಒಬ್ಬರ ಹೆಗಲನ್ನೊಬ್ಬರು ತಟ್ಟಿ, ಒಬ್ಬ ಬಲಗಡೆಯ ಕೋಣೆಗೆ, ಇನ್ನೊಬ್ಬ ಎಡಗಡೆಯದಕ್ಕೆ ಹೋದರು. ಮೇಷ್ಟ್ರು ಕೆಮ್ಮಿದ. "ನಿಮ್ಮ ಹತ್ತಿರ ನಿಂತಿರೋದನ್ನ ಮುಂದೆ ಕಳಿಸಿಬಿಡಿ ಮೇಡಂ. ಎಲ್ಲ ಖಾಲಿಯಾದ ಮೇಲೆ ಹಂತ ಅಳಿಸಿ ಹಾಕ್ತೀನಿ."

ಅಕ್ಕ ಪರದೆ ತೆರೆದಳು. ನಿನ್ನೆಯದೂ ಇವತ್ತು ಬೆಳಿಗ್ಗೆಯದೂ ಸೇರಿ ಸಾಲಾಗಿ ಕಾದಿದ್ದವು. ಬೈಗುಳದಿಂದಲೇ ಕೆಲಸವಾಗುತ್ತದೆಂದು ಇಬ್ಬರಿಗೂ ಮನದಟ್ಟಾಗಿತ್ತಲ್ಲ, ಹಾಗಾಗಿ ರಾಜಿಯಾದ ಮೇಲೆ ಇನ್ನಷ್ಟು ಧಾರಾಳವಾಗಿ ಬರೆದಿದ್ದರು. ಅಣ್ಣ ತಮ್ಮನ ಕೈಯನ್ನು ಬೈದು, ಕಣ್ಣನ್ನು ಬೈದು, ಹೆಂಡತಿ ಕಡೆಯವರವರೆಗೆ ಹೋಗಿದ್ದ. ತಮ್ಮ ಅಣ್ಣನ ನಾಲಗೆಯಿಂದ ಶುರುಮಾಡಿ, ಅವನು ಮಗನಿಗೆ ಕಲಿಸಿದ ಬುದ್ಧಿಯವರೆಗೆ ಬಂದಿದ್ದ.

ಅಭ್ಯಾಸಬಲದಿಂದ ಅಕ್ಕನ ಬೆರಳು ಮೊದಲ ಸಾಲಿನ ಮೇಲೆ ಹೋಯಿತು. "ಕತ್ತೆ" ಎಂಬಲ್ಲಿ ನಿಂತಿತು. ಅಳಿಸಿ ಏನು ಬರೆಯಬೇಕೆಂದು ಅವಳಿಗೆ ಆಗಲೇ ಹೊಳೆದಿತ್ತು, ಚೆನ್ನಾಗಿಯೇ ಹೊಳೆದಿತ್ತು. ಬೆರಳು ಹಿಂದೆ ತೆಗೆದಳು. ಎಲ್ಲ ಸಾಲುಗಳನ್ನೂ ಒಟ್ಟಿಗೆ ಆರಿಸಿ, ಒಂದಕ್ಷರವನ್ನೂ ಮುಟ್ಟದೆ, ಮುಂದೆ ಕಳಿಸುವ ಗುಂಡಿ ಒತ್ತಿದಳು.

"ಆಯ್ತಾ ಮೇಡಂ?"

"ಆಯ್ತು. ಇನ್ನು ಎಲ್ಲರಿಗೂ ಒಂದೇ ಸತ್ಯ."

ಮೇಷ್ಟ್ರು ಸಂತೋಷದಿಂದ ಪುಟ್ಟ ಚೌಕವನ್ನು ಅಳಿಸಿದ. ಅಕ್ಕ ಚೀಲಕ್ಕೆ ಕನ್ನಡಕದ ಡಬ್ಬಿ ಹಾಕಿಕೊಂಡಳು, ನೀರಿನ ಬಾಟಲಿ ಹಾಕಿಕೊಂಡಳು, ಕುರ್ಚಿಯ ಬೆನ್ನಿನ ಮೇಲಿದ್ದ ಶಾಲು ತೆಗೆದುಕೊಂಡಳು. ಎಡಗಡೆ ಕುರ್ಚಿ ಬಿದ್ದ ಸದ್ದಾಯಿತು. ಬಲಗಡೆಯ ಬಾಗಿಲು ಗೋಡೆಗೆ ಬಡಿದು ತೆರೆಯಿತು. ಮುಖ ಕೆಂಪಗಾದ ಅಣ್ಣ ಹೊಸ್ತಿಲ ಮೇಲೆ ನಿಂತಿದ್ದ.

"ಏನೇ ಇದು? ನನ್ನ ಮಗನ ಬಗ್ಗೆ ಹೀಗೆ ಬರೆಯೋ ಧೈರ್ಯ ಅವನಿಗೆ? ಹೋಗಿ ಹೇಳು ಆ ಕತ್ತೆಗೆ—"

ಅಕ್ಕ ಶಾಲು ಹೊದ್ದುಕೊಂಡಳು.

"ನೀನೇ ಹೋಗಿ ಹೇಳಣ್ಣ" ಎಂದಳು. "ನಡುವೆ ಯಾರೂ ಇಲ್ಲ."