ಇಸ್ತ್ರಿಯವಳ ಕೈ

ಆ ಇಸ್ತ್ರಿ ಅಂಗಡಿಯಲ್ಲಿ ಅಕ್ಕನ ಮಾತೇ ಮಾತು. ತಂಗಿ ತುಂಬಿದ ಬಸುರಿ. ಲಾರಿ ಓಡಿಸುವ ಗಂಡ ದೂರ ಹೊರಟಾಗ, “ಅಕ್ಕಾ, ಇವಳನ್ನ ನಿಮ್ಮ ಕೈಗೆ ಒಪ್ಪಿಸಿದ್ದೀನಿ” ಎಂದು ಹೇಳಿ ಹೋಗಿದ್ದ. ಒಂದು ದಿನ ಬೆಳಿಗ್ಗೆ ನಗುನಗುತ್ತಾ ಬಟ್ಟೆ ಮಡಿಸಲು ಕೂತ ತಂಗಿ ಮಧ್ಯಾಹ್ನದೊಳಗೆ ಇದ್ದಕ್ಕಿದ್ದಂತೆ ರಾಶಿಗೆ ಒರಗಿಬಿಟ್ಟಳು.

“ಅಕ್ಕಾ, ಮೈಯೆಲ್ಲ ಯಾರೋ ಬಡಿದ ಹಾಗಿದೆ. ಚಳಿ ಕಣೇ.”

“ಈ ಕೆಂಡದ ಮುಂದೆ ಚಳಿಯಂತೆ! ನನ್ನ ನೆಗಡಿ ನಿಂಗೆ ಹತ್ತಿದೆ, ಇನ್ನೇನು.”

ಹಿಂದಿನ ವಾರ ಅಕ್ಕನಿಗೆ ನೆಗಡಿಯಾಗಿದ್ದು ನಿಜ. ಮೊದಲು ಗಂಟಲು ಕೆರೆತ, ಆಮೇಲೆ ಸೀನು, ಆಮೇಲೆ ನಲ್ಲಿ ಬಿಟ್ಟ ಹಾಗೆ ಮೂಗು. ಒಂದೊಂದಾಗಿ ಬಂದು ಒಂದೊಂದಾಗಿ ಹೋಗಿತ್ತು. ಒಂದು ದಿನವೂ ಅವಳು ಕೆಲಸ ಬಿಟ್ಟಿರಲಿಲ್ಲ.

“ನಂಗೆ ಮೂಗೇ ಸುರೀತಿಲ್ವಲ್ಲೇ.”

“ಸುರಿಯುತ್ತೆ ತಾಳು, ಏನವಸರ? ನೆಗಡಿಗೆಲ್ಲ ಮಲಗೋದಾದ್ರೆ ಮೂಗಿರೋರೆಲ್ಲ ಹಾಸಿಗೆ ಹಿಡೀಬೇಕು. ಔಷಧಿ ತಗೊಂಡ್ರೆ ಒಂದು ವಾರ, ತಗೊಳ್ದಿದ್ರೆ ಏಳು ದಿನ!”

ಬಾಯಿ ಜೋರಾದರೇನು, ಕರುಳು ಕೇಳಬೇಕಲ್ಲ. ಕೆಂಡದ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಬಂದು ತಂಗಿಯ ಹಣೆ ಮುಟ್ಟಿದಳು. ತಣ್ಣಗಿತ್ತು. “ಜ್ವರವೂ ಇಲ್ಲ, ಮಣ್ಣೂ ಇಲ್ಲ. ಬಿಸಿನೀರು ಕುಡಿ.” ಅಂಗಡಿ ಮುಚ್ಚುವಾಗ ಮತ್ತೆ ಮುಟ್ಟಿದಳು. ಆಗಲೂ ಹಾಗೇ ಇತ್ತು.

ಮಾರನೆಯ ಬೆಳಿಗ್ಗೆ ತಣ್ಣೀರಲ್ಲಿ ಮುಖ ತೊಳೆದು, ಅದೇ ಒದ್ದೆ ಕೈಯಲ್ಲಿ ತಂಗಿಯನ್ನು ಎಬ್ಬಿಸಹೋದಳು. ಅಯ್ಯೋ ದೇವರೇ! ಹಣೆ ಕಾದ ಹೆಂಚಿನಂತೆ ಸುಡುತ್ತಿತ್ತು. ಮೇಲಿಂದ ಮೇಲೆ ಉಸಿರು ಎಳೆದುಕೊಳ್ಳುತ್ತಿದ್ದಳು. ಆಗ ಅಕ್ಕನಿಗೆ ಹೊಳೆಯಿತು. ಹಣೆ ನಿನ್ನೆಯೂ ಸುಡುತ್ತಲೇ ಇದ್ದಿರಬೇಕು. ದಿನವಿಡೀ ಪೆಟ್ಟಿಗೆ ಹಿಡಿದು ಕಾದ ಕೈಗೆ ಅದು ತಣ್ಣಗೆ ಅನಿಸಿತ್ತು, ಅಷ್ಟೇ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ ಹೇಳಿದರು, “ಇದು ನೆಗಡಿಯಲ್ಲ, ಫ್ಲೂ. ನೆಗಡಿ ಮೆಲ್ಲಗೆ ಬಂದು ಮೂಗು ಗಂಟಲಲ್ಲೇ ಇದ್ದು ಹೋಗುತ್ತೆ. ಇದು ಒಂದೇ ಏಟಿಗೆ ಕೆಡವುತ್ತೆ. ಜ್ವರ, ಚಳಿ, ಮೈಕೈ ನೋವು. ಬಸುರೀರಿಗಂತೂ ಅಪಾಯ. ನಿನ್ನೇನೇ ಯಾಕೆ ಕರ್ಕೊಂಡು ಬರ್ಲಿಲ್ಲ?”



“ಮಗು?” ಎಂದಳು ಅಕ್ಕ.

“ಎದೆಬಡಿತ ಇದೆ. ಆದರೆ ಇಬ್ಬರ ವಿಷಯವೂ ಈಗ್ಲೇ ಹೇಳೋಕಾಗಲ್ಲಮ್ಮ.”

ಅಂಗಡಿ ಮುಚ್ಚಿಯೇ ಇತ್ತು. ಅಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತನ್ನ ಅಂಗೈಯನ್ನೇ ನೋಡುತ್ತಿದ್ದಳು. ನನ್ನ ಕೈಗೆ ಒಪ್ಪಿಸಿ ಹೋದನಲ್ಲ, ಈ ಕೈಗೆ!

ದಿನಗಳು ಕಳೆದು ಒಂದು ಮಧ್ಯಾಹ್ನ ಅವಳನ್ನು ತಂಗಿಯ ಬಳಿಗೆ ಒಳಗೆ ಬಿಟ್ಟರು. ತಂಗಿ ಕಣ್ಣು ಬಿಟ್ಟಿದ್ದಳು. ಹಣೆಯತ್ತ ಹೋದ ಕೈಯನ್ನು ಅಕ್ಕ ಹಿಂದಕ್ಕೆಳೆದುಕೊಂಡು, ಬಗ್ಗಿ ಕೆನ್ನೆ ತಾಗಿಸಿದಳು. ಹಣೆ ಬೆವರಿ ತಣ್ಣಗಾಗಿತ್ತು. ಆದರೂ ನಂಬಿಕೆ ಬರಲಿಲ್ಲ.

“ಸಿಸ್ಟರ್, ನೀವೊಮ್ಮೆ ನೋಡಿ. ನನ್ನ ಮಾತು ಬೇಡ.”

ನರ್ಸು ನೋಡಿ, “ಜ್ವರ ಬಿಟ್ಟಿದೆ” ಎಂದಳು.

ತಂಗಿ ಅಕ್ಕನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. “ಇದನ್ನ ನೋಡೋಕೆ ನಿನ್ನ ಕೈಯೇ ಸಾಕು ಬಿಡೇ.”

ಒಳಗಿನಿಂದ ಮಗು ಒದ್ದಿತು. ಅಕ್ಕ ಕೈ ತೆಗೆಯದೆ ಗಳಗಳನೆ ಅತ್ತಳು.