ಆರನೆಯ ಹೆಸರಿನ ಮುಂದೆ

ಆಮಂತ್ರಣ ಪತ್ರಿಕೆ ತಂದವನು ತಮ್ಮ ಅಂಬಾರಾಯ. ವಾಡಿ ಜಂಕ್ಷನ್ನಿನಲ್ಲಿ ಅವನಿಗೆ ರೈಲ್ವೆ ಕೆಲಸ. ಸನ್ಮಾನ ಸಮಿತಿಯವರೊಬ್ಬರು ಅಲ್ಲೇ ಅವನ ಕೈಗೆ ಕೊಟ್ಟಿದ್ದರು. ಶಹಾಬಾದಿನ ಮನೆ ಮುಟ್ಟುವಷ್ಟರಲ್ಲಿ ಅವನು ಅದನ್ನು ಹತ್ತು ಮಂದಿಗಾದರೂ ತೋರಿಸಿದ್ದ.

"ಅಕ್ಕಾ, ಸೇಡಂದಾಗ ನಿನಗ ಸನ್ಮಾನ. ಬಣ್ಣದಾಗ ಹೆಸರು ಹಾಕ್ಯಾರ ನೋಡು."

ಅನಸುಬಾಯಿ ಕನ್ನಡಕ ಹಾಕಿಕೊಂಡು ಓದಿದಳು. "ವಿವಿಧ ವಿಷಯಗಳ ಸಂಶೋಧಕರಿಗೆ ಗೌರವ ಸಮರ್ಪಣೆ." ಕೆಳಗೆ ಆರು ಹೆಸರು, ಒಂದೊಂದರ ಮುಂದೆ ಅವರವರ ವಿಷಯ. ಡಾ. ಅಮರನಾಥ, ರಸಾಯನಶಾಸ್ತ್ರ. ಆಮೇಲಿನ ನಾಲ್ವರದು ಕೃಷಿ ವಿಜ್ಞಾನ, ವೈದ್ಯಕೀಯ, ಇತಿಹಾಸ, ಕನ್ನಡ. ಆರನೆಯದು ಅವಳ ಹೆಸರು. ಅದರ ಮುಂದೆ, "ಪರಿಶಿಷ್ಟ ಜಾತಿ ಸಾಧಕಿ".

ಎರಡನೆಯ ಸಲ ಓದಿದಳು. ಅಕ್ಷರ ಬದಲಾಗಲಿಲ್ಲ.

ಇಪ್ಪತ್ತಾರು ವರ್ಷ ಅವಳು ಭೂವಿಜ್ಞಾನ ಕಲಿಸಿದ್ದಳು. ಚಿತ್ತಾಪುರದಿಂದ ಚಿಂಚೋಳಿಯ ತನಕ ನಾನೂರು ಬಾವಿಗಳಿಗೆ ಅಳತೆಪಟ್ಟಿ ಇಳಿಬಿಟ್ಟು, ಸುಣ್ಣಕಲ್ಲಿನ ಬಿರುಕುಗಳಲ್ಲಿ ನೀರು ಎತ್ತ ಹರಿದುಹೋಗುತ್ತದೆ ಎಂದು ನಕ್ಷೆ ಮಾಡಿದ್ದಳು. ಸೇಡಂ ತಾಲೂಕಿನ ಮುಧೋಳದ ಕಡೆ ಮೂರು ಊರಿನವರು ಅವಳು ತೋರಿಸಿದ ಜಾಗದಲ್ಲೇ ಬೋರು ಕೊರೆಸಿ ನೀರು ಕಂಡಿದ್ದರು. ಸಮಿತಿಯವರು ವಿವರ ಕೇಳಿದಾಗ ಇದನ್ನೆಲ್ಲ ಎಂಟು ಪುಟ ಬರೆದು ಕಳಿಸಿದ್ದಳು. ಎಂಟು ಪುಟದಲ್ಲಿ ಅವರಿಗೆ ಕಂಡದ್ದು ಇದೊಂದು. ಅದನ್ನಂತೂ ಅವಳು ಬರೆದಿರಲೇ ಇಲ್ಲ.

"ಇದನ್ನ ಓದಿದಿ ಏನು?" ಎಂದು ತಮ್ಮನನ್ನು ಕೇಳಿದಳು.

ಅವನು ತಲೆ ತಗ್ಗಿಸಿದ. "ಓದೀನಿ. ಹೋಗ್ಲಿ ಬಿಡು ಅಕ್ಕಾ. ಕರದು ಶಾಲು ಹಾಕ್ತಾರಲ್ಲ."

ಆ ಮಾತು ಅವಳನ್ನು ಪತ್ರಿಕೆಗಿಂತ ಹೆಚ್ಚು ಉರಿಸಿತು. ಹತ್ತು ಮಂದಿಗೆ ತೋರಿಸುವಾಗ ತಮ್ಮ ಆ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡಿದ್ದನೋ ಏನೋ. ಕೇಳಲಿಲ್ಲ. ಕೇಳಿದ್ದರೆ ಅವನು ಅಳುತ್ತಿದ್ದ.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಸೇಡಂಗೆ ಹೋದಳು. ಸಮಿತಿಯ ಸಭೆ ನಡೆದಿತ್ತು. ಕಾರ್ಯದರ್ಶಿ ರೇವಣಸಿದ್ದಯ್ಯ ನಿವೃತ್ತ ಹೆಡ್‌ಮಾಸ್ತರು. ಎದ್ದು ನಿಂತು ಕೈಮುಗಿದರು.

"ಬರ್ರಿ ಮೇಡಮ್ಮೋರೆ, ಕುಂದ್ರಿ. ಚಹಾ ತರಸ್ತೀನಿ."

ಪಟ್ಟಿಯ ಮೊದಲ ಹೆಸರಿನ ಅಮರನಾಥನೂ ಅಲ್ಲಿದ್ದ. ಕಲಬುರಗಿಯಲ್ಲಿ ಎಂ.ಎಸ್ಸಿ. ಓದುವಾಗ ಇಬ್ಬರೂ ಒಂದೇ ಹಾಸ್ಟೆಲ್ ಬಸ್ಸಿನಲ್ಲಿ ಹೋಗಿಬರುತ್ತಿದ್ದವರು.

ಅನಸುಬಾಯಿ ಕೂಡಲಿಲ್ಲ. ಪತ್ರಿಕೆಯನ್ನು ಮೇಜಿನ ಮೇಲಿಟ್ಟಳು. "ನನ್ನ ವಿಷಯ ಭೂವಿಜ್ಞಾನ. ಇದನ್ನ ತಿದ್ದಬೇಕು."

ರೇವಣಸಿದ್ದಯ್ಯ ನಕ್ಕರು. "ಗೌರವಕ್ಕೇ ಹಾಕೀವ್ರಿ. ಇಂಥ ಸಮಾಜದಾಗ ಹುಟ್ಟಿ ಇಷ್ಟು ಮ್ಯಾಲ ಬಂದೀರಿ ಅಂತ ಮಂದಿಗಿ ತಿಳೀಲಿ ಅಂತ. ಐನೂರು ಪತ್ರಿಕಿ ಹಂಚಿ ಆಗ್ಯಾವ."

"ಹಂಗಾದ್ರ ಉಳಿದವ್ರಿಗೂ ಗೌರವ ಸಿಗ್ಲಿ." ಅವಳು ಚೀಲದಿಂದ ಪೆನ್ನು ತೆಗೆದಳು. "ಐದೂ ಮಂದಿ ವಿಷಯ ಹೊಡದು ಜಾತಿ ಬರೀತೀನಿ. ಅಮರನಾಥ ಸರ್, ನಿಮ್ದು ಯಾವ ಜಾತಿ? ಹೇಳ್ರಿ, ಬರ್ಕೊಂತೀನಿ."

ಅಮರನಾಥನ ಕಿವಿ ಕೆಂಪಾದವು. ಅವಳು ನಿಜವಾಗಿಯೂ 'ರಸಾಯನಶಾಸ್ತ್ರ' ಎಂಬುದರ ಮೇಲೆ ಗೆರೆ ಎಳೆದು, ಪೆನ್ನು ಹಿಡಿದುಕೊಂಡು ಕಾಯುತ್ತ ನಿಂತಳು.

"ಹಂಗ ಮಾಡಬ್ಯಾಡ್ರಿ," ಎಂದರು ರೇವಣಸಿದ್ದಯ್ಯ. "ಚೆಂದ ಕಾಣಂಗಿಲ್ಲ."

"ನಂದು ಚೆಂದ ಕಾಣ್ತದೇನ್ರಿ?" ಅವಳ ದನಿ ಏರಲಿಲ್ಲ. "ನನ್ನ ಜಾತಿ ನಾ ಎಂದೂ ಮುಚ್ಚಿಟ್ಟಿಲ್ಲ. ನಮ್ಮಪ್ಪ ಶಹಾಬಾದದ ಖಣಿಯೊಳಗ ಫರಸಿ ಕಲ್ಲು ಹೊತ್ತವ. ಬಾಬಾಸಾಹೇಬರ ಫೋಟೊ ನಮ್ಮನಿ ಬಾಗಲದಾಗೇ ಅದ. ಆದ್ರ ಬಾವಿ ಆಳ ಅಳದದ್ದು ಜಾತಿ ಅಲ್ಲ, ನಾನು. ಇಪ್ಪತ್ತಾರು ವರ್ಷದಾಗ ನಾ ಏನ್ ಮಾಡೀನಿ, ನಿಮ್ಮಾಗ ಒಬ್ಬರು ಹೇಳ್ರಿ. ಒಬ್ಬರು."

ಸಮಿತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಂಟು ಪುಟ ಯಾರೂ ಓದಿರಲಿಲ್ಲ.

ಅವಳು ಹೊರಗೆ ಬಂದಾಗ ಅಮರನಾಥ ಹಿಂದೆಯೇ ಬಂದ. "ಸಿಟ್ಟು ಮಾಡ್ಕೋಬ್ಯಾಡ ಅನಸುಬಾಯಿ. ಅವತ್ತು ವೇದಿಕಿ ಮ್ಯಾಲ ನಾನೇ ಹೇಳ್ತೀನಿ, ನಿನ್ನ ಕೆಲಸ ಏನಂತ."

"ಈಗ ಒಳಗ ಯಾಕ ಹೇಳ್ಲಿಲ್ಲ?"

ಅವನು ಬಾಗಿಲ ಕಡೆ ತಿರುಗಿ ನೋಡಿ, ಮತ್ತೆ ಒಳಗೆ ಹೋದ.

ಸನ್ಮಾನದ ದಿನ ಅವಳು ಹೋಗಲಿಲ್ಲ. ಚಿಂಚೋಳಿ ಕಡೆಯ ಚಂದಾಪುರದ ಹತ್ತಿರ ಎರಡು ಬಾವಿ ಅಳೆಯುವುದಿತ್ತು, ಅಲ್ಲಿಗೆ ಹೋದಳು. ಮಧ್ಯಾಹ್ನ ಬೇವಿನ ನೆರಳಲ್ಲಿ ಕೂತು ಫೋನಿನಲ್ಲಿ ಕಾರ್ಯಕ್ರಮದ ವಿಡಿಯೊ ನೋಡಿದಳು. ಅಮರನಾಥ ಹನ್ನೊಂದು ನಿಮಿಷ ಮಾತಾಡಿದ. ತನ್ನ ಗುರುಗಳನ್ನು ನೆನೆದ, ಹೆಂಡತಿಯನ್ನು ನೆನೆದ, ಸಮಿತಿಯ ದೊಡ್ಡ ಮನಸ್ಸನ್ನು ಹೊಗಳಿದ. ಅವಳ ಹೆಸರು ಬರಲಿಲ್ಲ. "ಅನಾರೋಗ್ಯದ ಕಾರಣ ಒಬ್ಬರು ಗೈರು" ಎಂದು ನಿರೂಪಕರು ಹೇಳಿ ಮುಗಿಸಿದರು.

ಫೋನು ಚೀಲಕ್ಕೆ ಹಾಕಿ ಎದ್ದಳು. ಎರಡನೆಯ ಬಾವಿಯ ಅಳತೆಯನ್ನು ಮೂರು ಸಲ ತಪ್ಪು ಬರೆದಳು. ಹಾಗೆ ಎಂದೂ ಆಗಿರಲಿಲ್ಲ. ತನ್ನ ಕೆಲಸಕ್ಕೂ ಅವರು ಕೈಹಾಕಿದರಲ್ಲ ಎಂದು ಮತ್ತಷ್ಟು ಸಿಟ್ಟು ಬಂತು.

ಮುಂದಿನ ವರ್ಷದ ಪಟ್ಟಿ ವಾಟ್ಸಾಪಿನಲ್ಲಿ ಬಂತು. ಏಳು ಹೆಸರು, ಏಳು ವಿಷಯ. ಪರಿಶಿಷ್ಟ ಎಂಬ ಮಾತೇ ಇಲ್ಲ. ಅವಳ ಸಮುದಾಯದ ಒಂದು ಹೆಸರೂ ಇಲ್ಲ.

ರೇವಣಸಿದ್ದಯ್ಯನವರಿಗೆ ಫೋನು ಮಾಡಿದಳು.

"ನೀವೇ ಅಂದ್ರಲ್ರಿ, ಜಾತಿ ಹಾಕಬ್ಯಾಡ್ರಿ ಅಂತ," ಎಂದರು ಅವರು. "ಈ ಸಲ ನಾವು ಯಾರ ಜಾತಿನೂ ನೋಡಿಲ್ಲ."

"ನೋಡಿಲ್ಲ ಅಂದ್ರ ಏಳೂ ಮಂದಿ ಹ್ಯಾಂಗ್ರಿ ಒಂದೇ ಓಣಿಯವ್ರಾದ್ರು?"

ಆ ಕಡೆ ಫೋನು ಕಟ್ಟಾಯಿತು.

ಪಟ್ಟಿಯಲ್ಲಿ ಇರಬೇಕಿದ್ದ ತನ್ನ ಸಮುದಾಯದವರ ಹೆಸರುಗಳನ್ನು ಅವತ್ತೇ ಅವಳು ಕೂತು ಸಮಿತಿಗೆ ಬರೆದಳು. ವಾಡಿಯ ಕಪಿಲ, ಗಣಿತ. ಚಿತ್ತಾಪುರದ ಪೂನಮ್, ಕ್ಷಯರೋಗದ ಬಗ್ಗೆ ಹನ್ನೆರಡು ವರ್ಷದ ಅಧ್ಯಯನ. ಚಿಂಚೋಳಿಯ ಭೀಮು, ತೊಗರಿಯ ಕಾಯಿಕೊರಕ ಹುಳು. ಶಹಾಬಾದಿನ ಕರುಣಾ, ಪಾಲಿ ಭಾಷೆ. ಒಬ್ಬೊಬ್ಬರಿಗೂ ಒಂದೊಂದು ಪುಟ, ಏನು ಕಂಡುಹಿಡಿದರು, ಎಲ್ಲಿ ಪ್ರಕಟವಾಯಿತು, ಯಾರಿಗೆ ಉಪಯೋಗವಾಯಿತು, ಎಲ್ಲ. ತನ್ನ ಹೆಸರು ಹಾಕಲಿಲ್ಲ.

ಟಪಾಲಿಗೆ ಹಾಕುತ್ತೇನೆ ಎಂದಾಗ ಅಂಬಾರಾಯ ಲಕೋಟೆಯನ್ನು ಅವಳ ಕೈಯಿಂದ ತೆಗೆದುಕೊಂಡ.

"ಟಪಾಲಿನ್ಯಾಗ ಬಂದಿದ್ದು ಮುಟ್ಟೇ ಇಲ್ಲ ಅಂತಾರ. ನಾ ಹೋಗ್ತೀನಿ."

ರಜೆ ಹಾಕಿ ಸೇಡಂಗೆ ಹೋದ. ರೇವಣಸಿದ್ದಯ್ಯ ಲಕೋಟೆ ಇಸಿದುಕೊಂಡು, ಒಡೆಯದೆ ಪಕ್ಕಕ್ಕಿಟ್ಟು, ಆಯಿತು ಹೋಗು ಎಂಬಂತೆ ಕೈ ಮಾಡಿದರು.

"ಇಲ್ರಿ," ಎಂದ ಅಂಬಾರಾಯ. "ಒಡದು ಓದ್ರಿ. ನಾಕೇ ಪುಟ ಅದಾವ. ನೀವು ಓದಿ ಮುಗಿಸೋ ತನಕ ನಾ ಇಲ್ಲೇ ನಿಂತಿರ್ತೀನಿ."

ಅವರು ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ನಿಂತಿದ್ದವನು ಅವನೇ. ರೇವಣಸಿದ್ದಯ್ಯ ಕನ್ನಡಕ ಹುಡುಕತೊಡಗಿದರು.