ಇನ್ನೂ ಗೋಲಾಗದ ಗೋಲು

ರೆಫರಿಯ ಬೆರಳು ಕಿವಿಯ ಮೇಲೆ ಹೋಗಿ ಕೂತದ್ದು ಅವಳಿಗೆ ಕಂಡದ್ದು ಪುಟ್ಟಿಯ ಭುಜದ ಮೇಲಿಂದ, ಇನ್ನೂ ಮೂವರು ಬೆನ್ನಿಗೆ ಜೋತುಬಿದ್ದು ಕಿರುಚುತ್ತಿದ್ದಾಗಲೇ — ಬೆರಳು ಕಿವಿಗೆ ಹೋಯಿತೆಂದರೆ ವಿಡಿಯೊ ಕೋಣೆಯವರು ಏನೋ ಹೇಳುತ್ತಿದ್ದಾರೆ, ಅವರು ಏನೋ ಹೇಳುತ್ತಿದ್ದಾರೆಂದರೆ ಈ ಗೋಲು ಇನ್ನೂ ಗೋಲಲ್ಲ, ಚೆಂಡು ಬಲೆಯೊಳಗೆ ಬಿದ್ದುಕೊಂಡಿದೆ, ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ಎದ್ದು ನಿಂತಿದೆ, ಆದರೂ ಗೋಲಲ್ಲ. ಇಳೀರೇ, ಬೆನ್ನು ಮುರೀತೀರ, ಎಂದಳು, ಯಾರೂ ಇಳಿಯಲಿಲ್ಲ, ಆಮೇಲೆ ಬೆರಳನ್ನು ನೋಡಿ ಒಬ್ಬೊಬ್ಬಳಾಗಿ ಇಳಿದರು. ಎಂಬತ್ತೆಂಟನೇ ನಿಮಿಷ, ಎರಡೂ ಕಡೆ ಒಂದೊಂದು ಗೋಲು, ವರ್ಷದ ಕೊನೆಯ ಪಂದ್ಯ, ಗೆದ್ದರೆ ಈ ಲೀಗಿನಲ್ಲೇ ಉಳಿಯುತ್ತಾರೆ, ಸಮವಾದರೆ ಕೆಳಗಿನ ಲೀಗಿಗೆ ಗಂಟುಮೂಟೆ ಕಟ್ಟಬೇಕು, ಇದೆಲ್ಲ ಅವಳಿಗೆ ಗೊತ್ತು, ಎದೆಗೆ ಮಾತ್ರ ಕೇಳಿಸುತ್ತಿಲ್ಲ, ಡವಡವ ಅನ್ನುತ್ತಿದೆ, ನಗು ತಡೆದರೂ ಉಕ್ಕಿ ಬರುತ್ತಿದೆ — ಮೂವತ್ನಾಲ್ಕು ವರ್ಷದ ಹೆಂಗಸು, ತಂಡಕ್ಕೆಲ್ಲ ಅಕ್ಕ, ಹೀಗೆ ಹಲ್ಲು ಕಿರಿದುಕೊಂಡು ನಿಂತರೆ ಟೀವಿಯಲ್ಲಿ ಹೇಗೆ ಕಂಡೀತು, ಕಾಣಲಿ. ಆ ಓಟ, ಎಡ ಅಂಚಿನಿಂದ ಓರೆಯಾಗಿ ಒಳಗೆ, ಪುಟ್ಟಿ ಮೈದಾನದ ನಡುವಿನಿಂದ ತೂರಿದ ಚೆಂಡು ಎದುರು ತಂಡದ ಕೊನೆಯ ಇಬ್ಬರ ಸಂದಿಯಲ್ಲಿ ಹಾದು ಎಡಗಾಲಿನ ಒಳಬದಿಗೆ ತಾನಾಗಿ ಬಂದು ಸಿಕ್ಕಿತು, ಕೀಪರ್ ಬಲಕ್ಕೆ ಬಿದ್ದಳು, ಇವಳು ಎಡಕ್ಕೆ ಉರುಳಿಸಿದಳು, ಅಷ್ಟೇ. ಈಗ ಮೇಲೆ ಕೂತವರು ಹುಡುಕುತ್ತಿರುವುದು ಒಂದೇ ಒಂದು, ಪುಟ್ಟಿಯ ಕಾಲು ಚೆಂಡಿಗೆ ತಾಗಿದ ಆ ಕ್ಷಣದಲ್ಲಿ ಇವಳು ಎಲ್ಲಿದ್ದಳು, ಎದುರಿನವರ ಕೊನೆಯ ರಕ್ಷಕಿಗಿಂತ ಬೂಟಿನ ತುದಿಯಷ್ಟು ಮುಂದಿದ್ದರೂ ಆಫ್‌ಸೈಡ್, ಗೋಲು ಮಣ್ಣುಪಾಲು. ಮುಂಚೆ ಹೊರಟೆನಾ, ಇಲ್ಲ, ಹೊರಟಿರಲಿಕ್ಕಿಲ್ಲ, ಹೊರಟಿದ್ದರೂ ಇರಬಹುದು.

ಬಾಯಿ ಒಣಗಿ ನೀರಿಗೆಂದು ಅಂಚಿನ ಗೆರೆಯ ಹತ್ತಿರ ಬಂದಳು, ಹದಿನಾರು ವರ್ಷದಿಂದ ಅವಳ ಸಂಸಾರವೆಲ್ಲ ಇಂಥ ಗೆರೆಯ ಜೊತೆಗೇ, ಒಂದು ಅರ್ಧದಲ್ಲಿ ಇದರ ಆಚೆ ಕೋಚ್ ನಿಂತು ತಲೆ ತಿನ್ನುತ್ತಾಳೆ, ಇನ್ನೊಂದು ಅರ್ಧದಲ್ಲಿ ಜನ — ನಡುವೆ ಆಡುವವರಿಗೆ ಬರೀ ಗದ್ದಲ, ಅಂಚಿನಲ್ಲಿ ಆಡುವವಳಿಗೆ ಒಬ್ಬೊಬ್ಬರ ಕೆಮ್ಮೂ ಕೇಳುತ್ತದೆ, ಏನಜ್ಜಿ ಮೊಮ್ಮಕ್ಕಳು ಕಾಯ್ತಿಲ್ವಾ ಅಂತ ಒಬ್ಬ ಅರ್ಧ ಗಂಟೆಯಿಂದ ಕೂಗುತ್ತಿದ್ದ, ಅವನೀಗ ಎರಡೂ ಕೈ ತಲೆಯ ಮೇಲೆ ಹೊತ್ತು ಕೂತಿದ್ದಾನೆ, ಪಾಪ. ಇಲ್ಲಿನ ಗೆರೆ ಡೊಂಕಿದೆ, ಹೆಬ್ಬೆರಳಗಲದಷ್ಟು, ಯಾರಿಗೂ ಗೊತ್ತಾಗುವುದಿಲ್ಲ, ಇವಳಿಗೆ ಬಂದ ದಿನವೇ ಗೊತ್ತಾಗಿತ್ತು, ಗೆರೆ ಹಾಕುವವನ ಮಗಳು. ಅಪ್ಪ ಶಾಲೆಗಳ ಮೈದಾನಕ್ಕೆ ಗೆರೆ ಹಾಕುತ್ತಿದ್ದ, ಎರಡು ಗೂಟ, ಒಂದು ಹುರಿ, ಸುಣ್ಣ ತುಂಬಿದ ತಳ್ಳುಗಾಡಿ, ಡೊಂಕಾದರೆ ಅಳಿಸಿ ಮತ್ತೆ ಹಾಕುತ್ತಾನೆ, ಹಸಿ ಗೆರೆಯನ್ನು ಯಾರಾದರೂ ತುಳಿದರೆ ಅವರ ವಂಶ ಜಾಲಾಡುತ್ತಾನೆ, ಅದಕ್ಕೇ ಇವಳು ಗೆರೆಯ ಪಕ್ಕಪಕ್ಕದಲ್ಲಿ, ತುಳಿಯದ ಹಾಗೆ, ಚೆಂಡು ತಳ್ಳಿಕೊಂಡು ಓಡುವುದನ್ನು ಕಲಿತಳು, ಸುಣ್ಣ ತಾಗಿದರೆ ಬೈಗುಳ, ತಾಗದಿದ್ದರೆ ಇನ್ನೊಂದು ಸುತ್ತು, ಬೇರೆ ಯಾವ ತರಬೇತಿಯೂ ಇರಲಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಶಾಲೆಗಳ ಪಂದ್ಯ, ಅಂಚಿನಲ್ಲೇ ಇಬ್ಬರನ್ನು ದಾಟಿ ಚೆಂಡು ಒಳಗೆ ಕೊಟ್ಟಳು, ಗೆಳತಿ ಗೋಲು ಹೊಡೆದಳು, ಎದುರು ತಂಡದವರು ಚೆಂಡು ಆಚೆ ಹೋಗಿತ್ತು ಸಾರ್ ಅಂತ ರಂಪ ಎಬ್ಬಿಸಿದರು, ಸೀಟಿ ಹಿಡಿದ ಮೇಷ್ಟ್ರಿಗೆ ಕಂಡಿರಲಿಲ್ಲ, ಗೆರೆಯ ಪಕ್ಕ ನಿಂತಿದ್ದ ಅಪ್ಪನನ್ನು ಕೇಳಿದರು, ನೀವೇ ಹೇಳಿ. ಹೋಗಿತ್ತು ಸಾರ್, ನಾನೇ ನೋಡ್ದೆ. ಮೂರು ದಿನ ಅಪ್ಪನ ಜೊತೆ ಮಾತು ಬಿಟ್ಟಳು, ನಾಲ್ಕನೇ ದಿನ ಅವನೇ ಬಂದು, ಗೆರೆ ಹಾಕೋನು ನಾನು, ನಾನೇ ಅಳಿಸ್ಲಾ, ಎಂದ, ಅದಕ್ಕೂ ಅವಳು ಮುಖ ತಿರುಗಿಸಿಕೊಂಡಳು, ಆದರೂ ಅವತ್ತು ಸರಾಗವಾಗಿ ಎರಡು ತಟ್ಟೆ ಊಟ ಮಾಡಿದಳು. ಹದಿನೆಂಟಕ್ಕೆ ಕ್ಲಬ್ಬಿನ ಕಾಗದ ಬಂದಾಗ ಅಮ್ಮ, ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರಗಳ ನಡುವೆ ನಿಂತು, ಓಡೋಕೆ ಸಂಬಳ ಕೊಡ್ತಾರಾ, ನಾನು ದಿನಾ ಬಸ್ ಹಿಂದೆ ಓಡ್ತೀನಲ್ಲ, ನನಗ್ಯಾರು ಕೊಟ್ರು, ಎಂದಳು, ಎಂದವಳೇ ಆ ಕಾಗದವನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು, ಮೂರು ಪಾಳಿಯ ಜನಕ್ಕೂ ತೋರಿಸಿದಳಂತೆ.

ಮುಂಚೇನೇ ಹೊರಟೆ ಕಣೇ. ಗೋಡೆ ಬಂದು ಪಕ್ಕದಲ್ಲಿ ನಿಂತಿದ್ದಳು, ಎದುರು ತಂಡದ ಬಲಬದಿಯ ರಕ್ಷಕಿ, ಈಗ ಇವಳ ಹಿಂದೆ ಓಡಿ ಸೋತವಳು, ಹಳೆಯ ಕ್ಲಬ್ಬಿನಲ್ಲಿ ಆರು ವರ್ಷ ಇವಳ ಜೊತೆ ಒಂದೇ ಕೋಣೆಯಲ್ಲಿ ಇದ್ದವಳು, ಗೋಡೆ ಅಂತ ಹೆಸರಿಟ್ಟದ್ದೂ ಇವಳೇ. ಇವಳ ಬಾಟಲಿಯನ್ನು ಕೇಳದೆಯೇ ಕಿತ್ತುಕೊಂಡು ಕುಡಿದಳು. ಹೊರಟಿಲ್ಲ. ಹೊರಟೆ, ಈ ವರ್ಷವೆಲ್ಲ ಹಂಗೇ ಹೊರಡ್ತಿದೀಯ, ನಿನ್ನ ಎಲ್ಲಾ ಆಟದ ವಿಡಿಯೊ ನೋಡಿದೀನಿ, ಅರ್ಧ ಹೆಜ್ಜೆ ಕದೀತೀಯ, ಲೈನಲ್ಲಿ ಬಾವುಟ ಹಿಡಿದಿರೋ ರೆಫರಿಯಮ್ಮಂಗೆ ಕಾಣಲ್ಲ ಅಂತ ನಂಗೂ ಕಾಣಲ್ವಾ. ಬಾಟಲಿ ಕೈಗಿಟ್ಟು, ಬೇಜಾರು ಮಾಡ್ಕೋಬೇಡ, ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ, ಅಂದು ಹೋದಳು. ಕಳ್ಳಿ ಅಂದರೂ ಇಷ್ಟು ಉರಿಯುತ್ತಿರಲಿಲ್ಲ, ನಿಜವಾದ್ದರಿಂದ ಉರಿಯಿತು. ಹತ್ತೊಂಬತ್ತರ ವಯಸ್ಸಿನಲ್ಲಿ ಇವಳು ಬೇಕೆಂದೇ ತಡವಾಗಿ ಹೊರಡುತ್ತಿದ್ದಳು, ಚೆಂಡು ಹೋಗಲಿ, ರಕ್ಷಕಿಯೂ ಹೋಗಲಿ, ಒಮ್ಮೆ ಉಸಿರೆಳೆದು ಆಮೇಲೆ ಹೊರಡುವುದು, ಆದರೂ ಮೊದಲು ಮುಟ್ಟುವುದು, ಆ ಸೊಕ್ಕಿನ ಸುಖ ಬೇರೆ ಯಾವುದರಲ್ಲೂ ಇರಲಿಲ್ಲ, ಪ್ರೀತಿಯಲ್ಲೂ ಇರಲಿಲ್ಲ, ಮೊದಲ ಮೊಣಕಾಲಿನ ಆಪರೇಷನ್ ಆದಮೇಲೂ ಅದು ವಾಪಸು ಬಂದಿತ್ತು, ಎರಡನೆಯದರ ನಂತರ ಬರಲಿಲ್ಲ. ಗುರುವಾರ ಬೂಟು ತೊಳೆಯುವ ಕೋಣೆಯಲ್ಲಿ ಕೋಚ್, ಬ್ರಷ್ಷನ್ನು ಕೈಯಲ್ಲಿ ಆಡಿಸುತ್ತ, ಚಿಕ್ಕ ಮಕ್ಕಳ ತಂಡಕ್ಕೆ ಕಲಿಸೋಕೆ ನಿನ್ನಂಥವಳೊಬ್ಳು ಬೇಕು, ಎಂದಳು. ಅಂದ್ರೆ ಆಡೋದು ಮುಗೀತಾ. ಮುಗೀತು ಅಂತ ನಾನೆಲ್ಲಿ ಹೇಳ್ದೆ, ಭಾನುವಾರ ನೋಡೋಣ, ನಿನ್ನ ಕಾಲು ಏನು ಹೇಳುತ್ತೆ ಅಂತ. ಕಾಲು ಏನು ಹೇಳೀತು, ಅದು ಚಳಿಗಾಲದಿಂದ ಸುಳ್ಳೇ ಹೇಳುತ್ತಿದೆ, ಪುಟ್ಟಿಯ ಜಡೆಯ ದಯೆಯಿಂದ. ಜಡೆಯ ಗುಟ್ಟು ಯಾರಿಗೂ ಗೊತ್ತಿಲ್ಲ, ಪುಟ್ಟಿಗೂ ಗೊತ್ತಿಲ್ಲ, ಇಪ್ಪತ್ತು ವರ್ಷದ ಹುಡುಗಿ, ಸೊಂಟದವರೆಗೆ ಒಂದೇ ಜಡೆ, ಉದ್ದ ಚೆಂಡು ಕೊಡುವ ಮೊದಲು ಭುಜ ತಿರುಗುತ್ತದೆ, ಭುಜದ ಜೊತೆ ಜಡೆ ಚಿಮ್ಮಿ ಏಳುತ್ತದೆ, ಕಾಲು ಚೆಂಡಿಗೆ ತಾಗುವುದು ಅದಾದ ಮೇಲೆ, ಇಷ್ಟೇ ಇಷ್ಟು ಮೇಲೆ — ಒಂದು ದಿನ ಅಭ್ಯಾಸದಲ್ಲಿ ಅದನ್ನು ಕಂಡಳು, ಅವತ್ತಿನಿಂದ ಚೆಂಡು ನೋಡುವುದನ್ನೇ ಬಿಟ್ಟು ಜಡೆ ಎದ್ದೊಡನೆ ಹೊರಟಳು, ಕಳೆದುಹೋದ ಅರ್ಧ ಹೆಜ್ಜೆ ಜಡೆಯಲ್ಲಿ ಸಿಕ್ಕಿತು, ಏಳು ಗೋಲು ಮಾಡಿಸಿದಳು, ಪತ್ರಿಕೆಯವರು ಮರುಹುಟ್ಟು ಎಂದು ಬರೆದರು, ಅದನ್ನು ಅಪ್ಪ ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದ್ದಾನೆ, ಅವನ ಕಣ್ಣಿಗೆ ಕಣ್ಣು ಕೊಟ್ಟು ಅದರ ಬಗ್ಗೆ ಅವಳು ಒಂದು ಮಾತೂ ಆಡಿಲ್ಲ.

ಈಗ ನೆನಪು ಮಾಡಿಕೋ, ಈಗಿನದು, ಹೊರಟದ್ದು ಯಾವಾಗ — ಎಷ್ಟು ತಡಕಿದರೂ ಕಣ್ಣಿಗೆ ಬರುವುದು ಒಂದೇ, ಎರಡು ಬೂಟುಗಳ ನಡುವೆ ಒಂದು ಗೇಣು ಹುಲ್ಲು, ಒಂದು ಬೂಟು ಗೋಡೆಯದು, ಇನ್ನೊಂದು ತನ್ನದು, ಮುಂದಿನದು ಯಾರದು ಹಿಂದಿನದು ಯಾರದು ಕಾಣುತ್ತಿಲ್ಲ, ಬರೀ ಹುಲ್ಲು. ಎರಡು ನಿಮಿಷವಾಯಿತು, ಇಷ್ಟು ಹೊತ್ತೇಕೆ, ಇಷ್ಟು ಹೊತ್ತೆಂದರೆ ಕೂದಲೆಳೆಯ ಲೆಕ್ಕ, ಕೋಚ್ ಆಚೆ ಬದಿಯಲ್ಲಿ ಉಗುರು ಕಚ್ಚುತ್ತಿದ್ದಾಳೆ, ರೆಫರಿ ಒಮ್ಮೆ ತಲೆ ಆಡಿಸಿದಳು, ಹೌದೆಂದೋ ಅಲ್ಲವೆಂದೋ, ಜನ ಚಪ್ಪಾಳೆ ತಟ್ಟತೊಡಗಿದ್ದಾರೆ, ಒಂದೇ ತಾಳ, ಅದು ಪಾದದಿಂದ ಏರಿ ಮಂಡಿಗೆ ಬರುತ್ತಿದೆ. ಪುಟ್ಟಿ ಎದುರಿಗೆ ಬಂದು, ಅಕ್ಕಾ ಕೊಡ್ತಾರಾ, ಎಂದಳು, ಕಣ್ಣಲ್ಲಿ ನೀರು, ಹಣೆಯ ಮೇಲೆ ಹುಲ್ಲಿನ ಚೂರು, ಅದನ್ನು ತೆಗೆಯಲು ಕೈ ಎತ್ತಿದವಳು ಹಾಗೇ ನಿಂತಳು. ತಲೆಯ ಮೇಲೆ ಉಂಡೆ. ತುರುಬು ಕಟ್ಟಿ ಅದರ ಸುತ್ತ ಬಿಳಿ ಪಟ್ಟಿ ಬಿಗಿದಿದೆ, ಅರ್ಧವಿರಾಮದಲ್ಲಿ ಅವಳ ರಬ್ಬರ್ ಬ್ಯಾಂಡು ಪಟ್ಟನೆ ಕಿತ್ತುಹೋಗಿತ್ತು, ಬೇರೆ ಯಾರ ಹತ್ತಿರವೂ ಇರಲಿಲ್ಲ, ಕಾಲು ಉಜ್ಜುವ ಡಾಕ್ಟರಮ್ಮ ಗಾಯಕ್ಕೆ ಸುತ್ತುವ ಪಟ್ಟಿಯನ್ನೇ ತಂದು, ಅಲ್ಲಾಡ್ಬೇಡ ಮಾರಾಯ್ತಿ, ಅಂತ ಬೈದು ಕಟ್ಟಿದ್ದಳು, ಎಲ್ಲರೂ ನಕ್ಕಿದ್ದರು, ಇವಳೂ ನಕ್ಕಿದ್ದಳು, ನಕ್ಕು ಮರೆತಿದ್ದಳು. ಜಡೆ ಇರಲಿಲ್ಲ. ಏಳಲು ಜಡೆಯೇ ಇರಲಿಲ್ಲ. ನಿಂಗೇನಾಯ್ತಕ್ಕಾ. ಏನಿಲ್ಲ ಪುಟ್ಟೀ, ಏನಿಲ್ಲ, ಹಾಗಾದರೆ ಏನನ್ನು ನೋಡಿ ಹೊರಟೆ, ಕದಿಯಲು ಅಲ್ಲಿ ಏನೂ ಇರಲಿಲ್ಲವಲ್ಲ, ಬರೀ ಚೆಂಡು ಇತ್ತು, ಚೆಂಡನ್ನು ನೋಡಿ ಹೊರಟಿದ್ದರೆ ತಡವಾಗಬೇಕಿತ್ತು, ತಡವಾದರೆ ಗೋಡೆಯನ್ನು ದಾಟಲು ಆಗಬಾರದಿತ್ತು, ಗೋಡೆ ಈಗಲೂ ಅವರ ತಂಡದಲ್ಲೇ ಜೋರು ಓಟದವಳು, ದಾಟಿದೆನಲ್ಲ, ಭುಜ ತಾಗಿಸಿಕೊಂಡು ದಾಟಿದೆನಲ್ಲ, ಅವಳ ಏದುಸಿರು ಮೊದಲು ಮುಂದಿನಿಂದ ಕೇಳಿತ್ತು, ಆಮೇಲೆ ಪಕ್ಕದಿಂದ, ಆಮೇಲೆ ಹಿಂದಿನಿಂದ — ಮೊದಲು ಮುಂದಿನಿಂದ, ಹೌದಾ, ನಿಜವಾಗಿ ಕೇಳಿತ್ತಾ, ಅಥವಾ ಈಗ ಬೇಕೆಂದು ಕೇಳಿಸಿಕೊಳ್ಳುತ್ತಿದ್ದೇನಾ. ಮೈಯೆಲ್ಲ ಜುಮ್ಮೆಂದಿತು, ಲೀಗು ಉಳಿಯುವುದು, ಕೋಚ್ ಹೇಳಿದ್ದು, ಯಾವುದೂ ಬೇಡ ಅನ್ನಿಸಿತು, ಅದು ಸುಳ್ಳು, ಎಲ್ಲವೂ ಬೇಕು, ಆದರೆ ಎಲ್ಲಕ್ಕಿಂತ ಮೊದಲು ಇದೊಂದು ಗೊತ್ತಾಗಬೇಕು, ಆ ಹುಲ್ಲು, ಆ ಒಂದು ಗೇಣು, ಅದರ ಯಾವ ಬದಿಯಲ್ಲಿ ನಾನು.

ಜನರ ಚಪ್ಪಾಳೆ ಇದ್ದಕ್ಕಿದ್ದಂತೆ ನಿಂತಿತು. ಸ್ಟೇಡಿಯಮ್ಮಿನ ಮೂಲೆಯ ದೊಡ್ಡ ಪರದೆ ಬೆಳಗಿದೆ, ನಿಂತುಹೋದ ಚಿತ್ರ, ಎಲ್ಲರ ತಲೆಯೂ ಒಟ್ಟಿಗೆ ಅತ್ತ ತಿರುಗುತ್ತಿದೆ, ಪುಟ್ಟಿ ಮುಂಗೈ ಹಿಡಿದುಕೊಂಡಳು, ಉಗುರು ನಾಟುತ್ತಿದೆ, ಹಿಡಿದುಕೋ, ಹಿಡಿದುಕೋ. ಅಲ್ಲಿ ಪುಟ್ಟಿಯ ಕಾಲು ಚೆಂಡಿಗೆ ತಾಗಿದೆ, ಚೆಂಡು ತುಸು ಚಪ್ಪಟೆಯಾಗಿದೆ, ತುರುಬು ನೆಟ್ಟಗೆ ಕೂತಿದೆ, ಕಣ್ಣು ಅಲ್ಲಿಂದ ಎಡಕ್ಕೆ ಓಡಿತು, ಖಾಲಿ ಮೈದಾನ, ಯಾರದೋ ನೆರಳು, ಇನ್ನೂ ಎಡಕ್ಕೆ, ಗೋಡೆ, ಆಗಲೇ ಗೋಲಿನತ್ತ ತಿರುಗಿ ಪೂರಾ ಓಟದಲ್ಲಿದ್ದಾಳೆ, ಬಾಯಿ ತೆರೆದಿದೆ, ಹಿಂದಿನ ಕಾಲು ಗಾಳಿಯಲ್ಲಿದೆ, ಆ ಬೂಟು, ಅದಾದ ಮೇಲೆ ಹುಲ್ಲು, ಒಂದು ಗೇಣು, ಹುಲ್ಲು, ಅದರ ಈಚೆ, ಗೋಡೆಗಿಂತ ಹಿಂದೆ, ಇವಳ ಬೂಟು, ಇವಳದೇ, ಎಡಗಾಲಿನದು, ಪೂರ್ತಿ ಊರಿದೆ, ಇನ್ನೂ ನೆಲ ಬಿಟ್ಟಿಲ್ಲ.